ತಳದ ಬೇಳೆ ಅಜ್ಜಿಯ ತಟ್ಟೆಗೆ ಬೀಳಲಿ

‘ಅಮ್ಮ ದಿನಾ ಬೇಳೆ ಸಾರು ಊಟ ಮಾಡ್ತಾರೆ ಮೇಡಂ, ಪ್ರೋಟೀನ್‌ಗೇನು ಕೊರತೆ?’ ಆಹಾರ ಸಲಹೆಗೆಂದು ಹಿರಿಯರನ್ನು ಕರೆತರುವ ಮಕ್ಕಳು ಈ ಮಾತು ಹೇಳದೆ ಹೋಗುವುದು ಅಪರೂಪ. ಪಕ್ಕದಲ್ಲಿ ಕೂತ ಅಮ್ಮನನ್ನು ನೋಡಿದರೆ ಕೈ ಎತ್ತಿದಾಗ ಬಳೆ ಮೊಣಕೈವರೆಗೆ ಜಾರುತ್ತದೆ. ಕುರ್ಚಿಯಿಂದ ಏಳಲು ನನ್ನ ಮೇಜು ಹಿಡಿಯುತ್ತಾರೆ. ‘ವಯಸ್ಸಾಯ್ತಲ್ಲಮ್ಮ’ ಎಂದು ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ವಯಸ್ಸಿನ ಪಾಲು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಸಾರಿನ ಪಾಲೂ ಇದೆ.

ಮೂವತ್ತು ದಾಟಿದ ಮೇಲೆ ನಮ್ಮ ಸ್ನಾಯು ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ 3ರಿಂದ 8ರಷ್ಟು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. 1988ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ‘ಸಾರ್ಕೊಪೀನಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಪದ. ಮಾಂಸದ ಬಡತನ ಎಂದು ಅರ್ಥ. ತೂಕದ ಯಂತ್ರವನ್ನು ನಂಬಿ ಕೂರಬೇಡಿ: ಸ್ನಾಯು ಹೋದ ಜಾಗದಲ್ಲಿ ಕೊಬ್ಬು ಬಂದು ಕೂತರೆ ಮುಳ್ಳು ಅಲ್ಲೇ ನಿಂತಿರುತ್ತದೆ.

ಮೊದಲು ಅಳತೆ

ದರ್ಜಿ ಟೇಪು ತೆಗೆದುಕೊಂಡು ಮೀನಖಂಡದ ಅತಿ ದಪ್ಪನೆಯ ಭಾಗದ ಸುತ್ತಳತೆ ನೋಡಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಒಪ್ಪಿದ ಲೆಕ್ಕದಂತೆ ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅನುಮಾನಿಸಬೇಕು. ಟೇಪು ಇಲ್ಲವೇ? ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಸೇರಿಸಿ ಬಳೆ ಮಾಡಿ ಮೀನಖಂಡಕ್ಕೆ ಹಾಕಿ. ಬೆರಳ ಬಳೆ ಸಡಿಲವಾಗಿ ನಿಂತರೆ ಅದೇ ಉತ್ತರ.

ಆಮೇಲೆ ಕುರ್ಚಿಯನ್ನು ಗೋಡೆಗೆ ಆನಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, ಐದು ಸಲ ಎದ್ದು ಕೂರಲು ಹೇಳಿ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ತಗ್ಗಿದೆ ಎಂದು ತಿಳಿಯಿರಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಲೆಕ್ಕ ತಪ್ಪುವ ಜಾಗ

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ಐಸಿಎಂಆರ್ 2020ರಲ್ಲಿ ನಿಗದಿ ಮಾಡಿತು. ಅರವತ್ತೈದು ದಾಟಿದವರಿಗೆ ಇಷ್ಟು ಸಾಲದು, 1ರಿಂದ 1.2 ಗ್ರಾಂ ಬೇಕು ಎಂಬುದು ವೃದ್ಧಾಪ್ಯದ ಪೋಷಣೆಯನ್ನು ಅಧ್ಯಯನ ಮಾಡಿದವರ ಮಾತು. ನಾನೂ ಅದನ್ನೇ ಹೇಳುತ್ತೇನೆ. ವಯಸ್ಸಾದಷ್ಟೂ ಊಟ ಕಡಿಮೆ ಸಾಕು ಎಂಬ ನಮ್ಮ ನಂಬಿಕೆ ಅನ್ನಕ್ಕೆ ಸರಿ, ಪ್ರೋಟೀನಿಗೆ ತಲೆಕೆಳಗು.

55 ಕಿಲೋ ತೂಕದ ಅಮ್ಮನಿಗೆ, ಹಾಗಾದರೆ, ದಿನಕ್ಕೆ 55ರಿಂದ 66 ಗ್ರಾಂ. ಇದು ಪ್ರೋಟೀನಿನ ತೂಕ, ಪದಾರ್ಥದ ತೂಕವಲ್ಲ. ಒಬ್ಬರು ಅರವತ್ತು ಗ್ರಾಂ ಬೇಳೆ ತೂಗಿ ಬೇಯಿಸಿ, ‘ಮುಗಿಯಿತಲ್ಲ’ ಎಂದು ನಿಶ್ಚಿಂತೆಯಿಂದ ಇದ್ದರು. ಒಣ ತೊಗರಿಬೇಳೆ ನೂರು ಗ್ರಾಂನಲ್ಲಿ ಪ್ರೋಟೀನ್ ಇರುವುದು ಸುಮಾರು 22 ಗ್ರಾಂ. ಅರವತ್ತು ಗ್ರಾಂನಲ್ಲಿ ಹದಿಮೂರು.

ಈಗ ಸಾರಿಗೆ ಬರೋಣ. ನಾಲ್ಕು ಜನರ ಮನೆಯಲ್ಲಿ ತಿಳಿಸಾರಿಗೆ ಎಷ್ಟು ಬೇಳೆ ಹಾಕುತ್ತೀರಿ? ಕೇಳಿದಾಗ ಹಿಡಿ ತೋರಿಸುತ್ತಾರೆ. ತೂಗಿದರೆ ನಲವತ್ತು, ಐವತ್ತು ಗ್ರಾಂ. ಐವತ್ತೇ ಎನ್ನಿ. ತಲೆಗೆ ಹನ್ನೆರಡೂವರೆ ಗ್ರಾಂ ಬೇಳೆ, ಎಂದರೆ ಎರಡೂವರೆ, ಮೂರು ಗ್ರಾಂ ಪ್ರೋಟೀನ್. ಅದೂ ಪಾತ್ರೆಯನ್ನು ಚೆನ್ನಾಗಿ ಕದಡಿ ಬಡಿಸಿದರೆ. ನಮ್ಮ ಮನೆಗಳಲ್ಲಿ ನಡೆಯುವುದೇ ಬೇರೆ. ಸಾರು ಕೆಳಗಿಳಿಸಿ ಒಂದಷ್ಟು ಹೊತ್ತಾದ ಮೇಲೆ ಬೇಳೆ ತಳಕ್ಕೆ ಕೂತಿರುತ್ತದೆ. ಸೌಟು ಮೇಲೆ ಮೇಲೆ ಆಡುತ್ತದೆ. ಮೊಮ್ಮಗನಿಗೆ ಗಟ್ಟಿ ಬೇಕು, ಮಗನಿಗೆ ಹೋಳು ಬೇಕು. ಕೊನೆಗೆ ಉಣ್ಣುವ ಅಜ್ಜಿ ತನಗೆ ತಾನೇ ತಿಳಿ ಬಡಿಸಿಕೊಂಡು, ‘ನಂಗೆ ಇದೇ ಇಷ್ಟ, ಹಗುರ’ ಎನ್ನುತ್ತಾಳೆ. ಉಪ್ಪು, ಹುಳಿ, ಖಾರ, ಒಗ್ಗರಣೆಯ ಘಮ ಎಲ್ಲ ಅವಳ ತಟ್ಟೆಗೆ ಬಂತು, ಬೇಳೆಯೊಂದು ಬಿಟ್ಟು.

ಬಸ್ಸಾರಿನ ಮನೆಗಳಲ್ಲಿ ಇದು ಇನ್ನೂ ಸ್ಪಷ್ಟ. ಹುರುಳಿಕಾಳು ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಹಲ್ಲಿಲ್ಲದ ಅಜ್ಜ ಮುದ್ದೆಯನ್ನು ಸಾರಲ್ಲಿ ಅದ್ದಿ ನುಂಗುತ್ತಾನೆ, ಪಲ್ಯ ಮುಟ್ಟುವುದಿಲ್ಲ. ಪ್ರೋಟೀನಿನ ಹೆಚ್ಚಿನ ಪಾಲು ಕಟ್ಟಿನಲ್ಲಿಲ್ಲ, ಅವನು ಬಿಟ್ಟ ಆ ಕಾಳಿನಲ್ಲಿದೆ. ‘ಕಟ್ಟಿನಲ್ಲೇ ಸತ್ವ’ ಎಂದು ಬಾಣಂತಿಗೂ ರೋಗಿಗೂ ಬೇಳೆಕಟ್ಟು ಕುಡಿಸುವ ಪದ್ಧತಿಯ ಬಗ್ಗೆ ನನಗೆ ತಕರಾರಿದೆ. ಬಾಯಿಗೆ ರುಚಿ, ಮೈಗೆ ನೀರು, ಅಷ್ಟೆ. ಒಂದು ಸಲ ಹೀಗೆಂದಾಗ ಹಿರಿಯರೊಬ್ಬರು ಎದ್ದೇ ಹೋದರು. ಇರಲಿ.

ಪರಿಹಾರ ಸರಳ. ಸಾರು ಬಿಡಬೇಡಿ, ಜೊತೆಗೆ ತೊವ್ವೆ ಮಾಡಿ. ಹಿರಿಯರೊಬ್ಬರಿಗೆ 40 ಗ್ರಾಂ ಒಣಬೇಳೆಯ ಲೆಕ್ಕ ಹಾಕಿ, ಬೇಯಿಸಿ, ಅವರ ಬಟ್ಟಲಿಗೆ ಮೊದಲೇ ತೆಗೆದಿಟ್ಟುಬಿಡಿ. ಉಳಿದದ್ದರಲ್ಲಿ ಸಾರು ಮಾಡಿಕೊಳ್ಳಿ. ಬಸ್ಸಾರಿನ ಕಾಳನ್ನು ಮೆತ್ತಗೆ ಬೇಯಿಸಿ, ಅರ್ಧ ರುಬ್ಬಿ ಅಜ್ಜನ ಸಾರಿಗೇ ಸೇರಿಸಿ. ಬಡಗಣ ಜಿಲ್ಲೆಗಳವರಿಗೆ ಈ ತಾಪತ್ರಯ ಕಡಿಮೆ. ರೊಟ್ಟಿಯ ಜೊತೆ ಜುಣಕವೋ ಕಾಳು ಪಲ್ಯವೋ ಗಟ್ಟಿಯಾಗಿಯೇ ಬರುತ್ತದೆ, ಮೇಲೆ ಶೇಂಗಾ ಚಟ್ನಿಪುಡಿ. ಕರಾವಳಿಯವರು ಬಂಗುಡೆಯ ಗಸಿಯಲ್ಲಿ ಗಸಿಯನ್ನಷ್ಟೇ ಅನ್ನಕ್ಕೆ ಕಲಸದೆ ಮೀನನ್ನೂ ಅಜ್ಜಿಗೆ ಮುಳ್ಳು ಬಿಡಿಸಿ ಕೊಡಬೇಕು.

ಬೇಳೆ ವಾಯು ಎನ್ನುವವರು ಹೆಸರುಬೇಳೆಯಿಂದ ಶುರು ಮಾಡಿ. ಇಂಗು, ಶುಂಠಿ, ಜೀರಿಗೆ ಇರಲಿ. ಪ್ರಮಾಣವನ್ನು ಎರಡು ಮೂರು ವಾರ ತೆಗೆದುಕೊಂಡು ಏರಿಸಿ. ಕಾಳು ನೆನೆಸಿ ಮೊಳಕೆ ಬರಿಸುವುದನ್ನು ನಾನು ಹೇಳಿಕೊಡಬೇಕಿಲ್ಲ.

ಮೂರು ಹೊತ್ತಿಗೂ ಹಂಚಿ

ಎಳೆಯ ಸ್ನಾಯು ತುಸು ಪ್ರೋಟೀನ್ ಸಿಕ್ಕರೂ ಕಟ್ಟುವ ಕೆಲಸಕ್ಕೆ ಇಳಿಯುತ್ತದೆ. ಮುಪ್ಪಿನ ಸ್ನಾಯು ಸೋಮಾರಿ, ಒಂದು ಹೊತ್ತಿಗೆ 20–25 ಗ್ರಾಂ ಕಾಣದೆ ಅಲುಗುವುದಿಲ್ಲ. ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಅನ್ನ ಸಾರು ಮಜ್ಜಿಗೆ, ಸಂಜೆ ಟೀ ಬಿಸ್ಕತ್ತು, ರಾತ್ರಿ ಎರಡು ಚಪಾತಿ ಪಲ್ಯ: ದಿನವೆಲ್ಲ ಸೇರಿ ಮೂವತ್ತು ಗ್ರಾಂ ಆಸುಪಾಸು. ಇಲ್ಲಿ ಯಾವ ಹೊತ್ತಿಗೂ ಆ ಸೋಮಾರಿ ಸ್ನಾಯು ಏಳುವುದಿಲ್ಲ.

ಬದಲಿಗೆ ಹೀಗಿರಲಿ: ಬೆಳಿಗ್ಗೆ ಹೆಸರುಕಾಳಿನ ದೋಸೆ (60 ಗ್ರಾಂ ಕಾಳು, ಹದಿಮೂರು ಹದಿನಾಲ್ಕು ಗ್ರಾಂ ಪ್ರೋಟೀನ್), 200 ಮಿ.ಲೀ. ಹಾಲು (ಆರೂವರೆ). ಮಧ್ಯಾಹ್ನ ಅನ್ನಕ್ಕೆ ಮೇಲೆ ಹೇಳಿದ ತೊವ್ವೆ, ನೀರು ಮಜ್ಜಿಗೆಯ ಬದಲು ದೊಡ್ಡ ಬಟ್ಟಲು ಗಟ್ಟಿ ಮೊಸರು. ರಾತ್ರಿ ಸಣ್ಣ ಮುದ್ದೆ, 30 ಗ್ರಾಂ ಹುರುಳಿಯಷ್ಟು ಕಾಳು, ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆ (ಆರು ಗ್ರಾಂ ಮೇಲೆ), ತಿನ್ನದವರಿಗೆ 50 ಗ್ರಾಂ ಪನೀರು (ಒಂಬತ್ತು). ಎಲ್ಲ ಕೂಡಿ 55 ದಾಟುತ್ತದೆ. ರಾತ್ರಿ ‘ಹಗುರ’ವೆಂದು ರವೆಗಂಜಿ ಕುಡಿದು ಮಲಗುವುದನ್ನು ಬಿಡಿಸಲು ನಾನು ಪಟ್ಟ ಕಷ್ಟ ಅಷ್ಟಿಷ್ಟಲ್ಲ. ಹಗುರ ಬೇಕೆಂದರೆ ಏಳು ಗಂಟೆಗೇ ಊಟ ಮಾಡಿ, ಗಂಜಿಗೆ ಹೆಸರುಬೇಳೆ ಹಾಕಿ.

ತಿಂದರೆ ಸಾಲದು

ವಾಕಿಂಗ್ ಹೋಗುತ್ತೇನಲ್ಲ ಎನ್ನುತ್ತಾರೆ. ಹೃದಯಕ್ಕೆ ಒಳ್ಳೆಯದು, ಸ್ನಾಯುವಿಗೆ ಭಾರ ಬೇಕು. 1990ರಲ್ಲಿ ಅಮೆರಿಕದ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನವರಿಂದ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದಾಗ ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ಮನೆಯಲ್ಲಿ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಊರಿ ತಳ್ಳುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಸಾಕು. ಒಂದೊಂದನ್ನು ಹತ್ತು ಸಲ, ವಾರಕ್ಕೆ ಮೂರು ದಿನ. ಬಿ.ಪಿ., ಮಂಡಿನೋವು ಇರುವವರು ಮೊದಲು ವೈದ್ಯರನ್ನು ಕೇಳಿ.

ಜಾಗ ಕಡಿಮೆ, ಉಳಿದದ್ದು ಚುಟುಕಾಗಿ. ಡಬ್ಬದ ಪ್ರೋಟೀನ್ ಪುಡಿ ಕೊಳ್ಳುವ ಮೊದಲು ಹಿಂಬದಿಯ ಚೀಟಿಯಲ್ಲಿ ಸಕ್ಕರೆ ಎಷ್ಟಿದೆ ನೋಡಿ. ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದರೆ ಆರೋಗ್ಯವಂತ ವೃದ್ಧರ ಕಾಲುಗಳಲ್ಲೂ ಸುಮಾರು ಒಂದು ಕಿಲೋ ಸ್ನಾಯು ಹೋಗುತ್ತದೆ, ವೈದ್ಯರು ಒಪ್ಪಿದ ದಿನವೇ ಎಬ್ಬಿಸಿ ನಡೆಸಿ. ಹಲ್ಲುಸೆಟ್ಟು ಸಡಿಲವಾಗಿದ್ದರೆ ಮೊದಲು ಅದನ್ನು ಸರಿಪಡಿಸಿ. ಸಕ್ಕರೆ ಕಾಯಿಲೆಯವರು ಅನ್ನ ಕಡಿಮೆ ಮಾಡುವಾಗ ಬೇಳೆಯನ್ನೂ ಕಡಿಮೆ ಮಾಡಿಬಿಡುತ್ತಾರೆ, ಬೇಡ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೇಖನದ ಲೆಕ್ಕ ಅನ್ವಯಿಸುವುದಿಲ್ಲ. ಕ್ರಿಯಾಟಿನಿನ್ ಪರೀಕ್ಷೆ ಮಾಡಿಸದೆ ಪ್ರೋಟೀನ್ ಏರಿಸಬೇಡಿ. ಪ್ರಯತ್ನಪಡದೆಯೇ ಆರು ತಿಂಗಳಲ್ಲಿ 60 ಕಿಲೋ ಇದ್ದವರು 57ಕ್ಕೆ ಇಳಿದಿದ್ದರೆ ಅದನ್ನು ಮುಪ್ಪೆಂದು ಬಿಡದೆ, ತೊವ್ವೆಗಿಂತ ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗಿ.