ಅನ್ನನಾಳದ ಚಲನೆ ಮತ್ತು ಮನೋರೋಗದ ಮಾತ್ರೆ

ಅನ್ನಪ್ರವೇಶವು ಪ್ರಾಣವಾಯುವಿನ ಕಾರ್ಯವೆಂದು ಆಯುರ್ವೇದದ ಮತ. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ತುತ್ತನ್ನು ಅಲೆಯಲೆಯಾಗಿ ಹಿಂಡಿ ಜಠರಕ್ಕಿಳಿಸುತ್ತದೆ. ಈ ಚಲನೆಯಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕಕ್ಕೂ ಪಾತ್ರವುಂಟು. ದೇಹದಲ್ಲಿ ಅದರ ಬಹುಪಾಲು ಇರುವುದು ಮಿದುಳಿನಲ್ಲಲ್ಲ, ಕರುಳಿನಲ್ಲಿ. ಆದಕಾರಣ ಮನಸ್ಸಿಗೆಂದು ಕೊಟ್ಟ ಔಷಧವು ಅನ್ನನಾಳವನ್ನೂ ಮುಟ್ಟುತ್ತದೆ. ಆತಂಕಕ್ಕೆ ಕೊಡುವ ಬಸ್ಪಿರೋನ್ ಹಿಂಡುವ ಬಲವನ್ನು ಹೆಚ್ಚಿಸಬಲ್ಲದು; ಖಿನ್ನತೆಗೆ ಕೊಡುವ ಸಿಟಲೋಪ್ರಾಮ್ ನಾಳದ ಅತಿಸಂವೇದನೆಯನ್ನು ತಗ್ಗಿಸಬಲ್ಲದು. ಚಲನೆಗೆಂದೇ ಬಳಸುತ್ತಿದ್ದ ಸಿಸಾಪ್ರೈಡ್ ಮಾತ್ರ ಹೃದಯದ ಲಯ ಕೆಡಿಸುವುದೆಂದು ನಮ್ಮ ದೇಶದಲ್ಲಿ 2011ರಲ್ಲಿ ನಿಷೇಧಕ್ಕೊಳಗಾಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಓದುಗರಲ್ಲಿ ನಮ್ಮ ವಿನಂತಿ: ತುತ್ತು ಎದೆಯಲ್ಲಿ ನಿಂತಂತಾದರೆ ಮಾತ್ರೆಯನ್ನು ದೂರಿ ತಾವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನು ಕಾಣಿರಿ. ಗ್ಯಾಸೆಂದು ಕಷಾಯದಲ್ಲೇ ತಿಂಗಳುಗಟ್ಟಲೆ ಕಳೆಯುವುದೂ ತರವಲ್ಲ. ಎಲೆಯಡಿಕೆಯೊಡನೆ ತಂಬಾಕು ಜಗಿಯುವವರಂತೂ (ನಮ್ಮಲ್ಲಿ ಅವರೇನು ಕಡಿಮೆಯೇ!) ತಡಮಾಡದೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು, ಅನ್ನನಾಳದ ಕ್ಯಾನ್ಸರ್ ಸಹ ಹೀಗೆಯೇ ತೋರಿಕೊಳ್ಳುತ್ತದೆ.