ಆಯುಸ್ಸು ಮತ್ತು ಕೃತಿ: ಮಹಾಪುರಾಣ ಪರಂಪರೆಯಲ್ಲಿ ಪೂರೈಕೆಯ ಹಂಬಲ

ಸಾಯುವ ಮುನ್ನ ಇದೊಂದನ್ನು ಮಾಡಿ ಮುಗಿಸಬೇಕೆಂಬ ಹಂಬಲ ಮನುಷ್ಯಸಹಜವಾದುದು. ಮಗಳ ಮದುವೆ, ಸ್ವಂತದ್ದೊಂದು ಮನೆ, ಕಾಶೀಯಾತ್ರೆ ಎಂದು ಗೃಹಸ್ಥನ ಪಟ್ಟಿ ಬೆಳೆಯುತ್ತದೆ. ವಿದ್ವಾಂಸನ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದೇ ಬಾಬು ಇರುತ್ತದೆ. ಅದು ಒಂದು ಗ್ರಂಥ. ನಮ್ಮ ಪ್ರಾಚೀನರು ಬದುಕಿನ ಗುರಿಗಳನ್ನು ಧರ್ಮ, ಅರ್ಥ, ಕಾಮ, ಮೋಕ್ಷಗಳೆಂದು ನಾಲ್ಕಾಗಿ ವಿಂಗಡಿಸಿದರು. ಆದರೆ ಇವು ಸರ್ವರಿಗೂ ಸಮಾನವಾದ ಗುರಿಗಳು. ಒಬ್ಬ ವ್ಯಕ್ತಿ ತನ್ನದೆಂದೇ ಆರಿಸಿಕೊಂಡು, ತನ್ನ ಆಯುಸ್ಸಿನೊಡನೆ ಪಂದ್ಯ ಕಟ್ಟಿ ಕೈಗೊಂಡ ಕಾರ್ಯವನ್ನು ಈ ನಾಲ್ಕರಲ್ಲಿ ಯಾವುದರ ಕೆಳಗೆ ಇರಿಸಬೇಕು? ಪಂದ್ಯದಲ್ಲಿ ಆಯುಸ್ಸೇ ಸೋತರೆ ಆ ಕಾರ್ಯದ ಗತಿ ಏನು? ಈ ಪ್ರಶ್ನೆಗಳಿಗೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ಉತ್ತರ, ನನ್ನ ದೃಷ್ಟಿಯಲ್ಲಿ, ರಾಷ್ಟ್ರಕೂಟರ ಕಾಲದ ಜೈನಾಚಾರ್ಯರಲ್ಲಿದೆ. ಅವರು ಬರೆದುದು ಸಂಸ್ಕೃತ, ಪ್ರಾಕೃತಗಳಲ್ಲಿ. ಆದರೂ ಪಂಪನಿಂದ ಜನ್ನನವರೆಗಿನ ಕನ್ನಡ ಚಂಪೂ ಪುರಾಣಗಳ ಬೇರು ಅಲ್ಲಿದೆಯಾದ್ದರಿಂದ ಈ ವಿಚಾರ ಕನ್ನಡ ವಿದ್ಯಾರ್ಥಿಗಳಿಗೆ ಅನ್ಯವಲ್ಲ.

ಮೊದಲು ಒಂದು ತೊಡಕನ್ನು ಗಮನಿಸಬೇಕು. ಜೈನಮುನಿಗೆ ಲೌಕಿಕವಾದ ಹಂಬಲವೇ ಸಲ್ಲದು. ತತ್ತ್ವಾರ್ಥಸೂತ್ರದ ಪ್ರಕಾರ ವ್ರತಿಯಾದವನು ಶಲ್ಯಗಳಿಲ್ಲದವನಾಗಿರಬೇಕು. ಮಾಯೆ, ಮಿಥ್ಯಾತ್ವಗಳೊಡನೆ ಮೂರನೆಯ ಶಲ್ಯವಾಗಿ ಎಣಿಸಲ್ಪಟ್ಟಿರುವುದು ನಿದಾನ. (ತಡವೆಂಬ ಅರ್ಥದ 'ನಿಧಾನ' ಇದಲ್ಲ, ತಪಸ್ಸಿನ ಫಲವನ್ನು ಮುಂದಿನ ಭೋಗಕ್ಕಾಗಿ ಒತ್ತೆಯಿಡುವ ಬಯಕೆ.) ಸಲ್ಲೇಖನದ ಐದು ಅತಿಚಾರಗಳಲ್ಲಿ ಮೊದಲನೆಯದು ಜೀವಿತಾಶಂಸೆ, ಅಂದರೆ ಇನ್ನಷ್ಟು ಕಾಲ ಬದುಕಬೇಕೆಂಬ ಆಸೆ. ಬೇಗ ಸಾಯಬೇಕೆಂಬ ಆಸೆಯೂ ಅಷ್ಟೇ ದೋಷ. ಶ್ರವಣಬೆಳಗೊಳದ ನಿಸಿದಿ ಶಾಸನಗಳನ್ನು ಓದಿದವರಿಗೆ ಈ ಮನೋಧರ್ಮದ ಪರಿಚಯವಿರುತ್ತದೆ. ಮಡಿದವನು ಬದುಕಿನಲ್ಲಿ ಏನನ್ನು ಸಾಧಿಸಿದನೆಂಬುದಕ್ಕಿಂತ ಹೇಗೆ ದೇಹವನ್ನು ಬಿಟ್ಟನೆಂಬುದೇ ಅಲ್ಲಿ ಮುಖ್ಯ. ಹೀಗಿರುವಾಗ, 'ಈ ಪುರಾಣ ಮುಗಿಯುವತನಕ ನಾನಿರಬೇಕು' ಎಂದು ಒಬ್ಬ ಮುನಿಕವಿ ಬಯಸಬಹುದೇ? ಬಯಸದೆ ಸಾವಿರಾರು ಶ್ಲೋಕಗಳ ಕಾರ್ಯಕ್ಕೆ ಕೈಹಾಕುವುದಾದರೂ ಹೇಗೆ?

ವೀರಸೇನಾಚಾರ್ಯನು ಷಟ್ಖಂಡಾಗಮಕ್ಕೆ ಧವಲಾ ಎಂಬ ಬೃಹತ್ ಟೀಕೆಯನ್ನು ರಚಿಸಿದನು. ಅದರ ಪ್ರಮಾಣ 72,000 ಶ್ಲೋಕಗಳಷ್ಟೆಂದು ಸಂಪ್ರದಾಯ ಹೇಳುತ್ತದೆ. ಅನಂತರ ಕಷಾಯಪಾಹುಡಕ್ಕೆ ಜಯಧವಲಾ ಟೀಕೆಯನ್ನು ಆರಂಭಿಸಿ, 20,000 ಶ್ಲೋಕಗಳಷ್ಟು ಬರೆಯುವಷ್ಟರಲ್ಲಿ ತೀರಿಕೊಂಡನು. ಉಳಿದ 40,000ವನ್ನು ಶಿಷ್ಯ ಜಿನಸೇನನು ಬರೆದು ಶಕವರ್ಷ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಅಮೋಘವರ್ಷನ ಆಳ್ವಿಕೆಯಲ್ಲಿ ಮುಗಿಸಿದನು. ಗುರುವಿನ ಕೆಲಸಕ್ಕಿಂತ ಶಿಷ್ಯನ ಪಾಲೇ ಇಮ್ಮಡಿ! ಆದರೂ ಗ್ರಂಥಾಂತ್ಯದ ಪ್ರಶಸ್ತಿಯಲ್ಲಿ ಜಿನಸೇನನು ತಾನು ಮಾಡಿದ್ದನ್ನು ಗುರು ಬೆಳಗಿದ ಪೂರ್ವಾರ್ಧವನ್ನು ನೋಡಿಕೊಂಡು ಉತ್ತರಾರ್ಧವನ್ನು ಪೂರೈಸಿದ ಕಾರ್ಯವೆಂದಷ್ಟೇ ಹೇಳಿಕೊಳ್ಳುತ್ತಾನೆ. ತನ್ನ ಬಗ್ಗೆ ಅವನು ಕೊಡುವ ಚಿತ್ರವೂ ಸೊಗಸಾದುದು: ಅತಿ ಸುಂದರನಲ್ಲ, ಅತಿ ಚತುರನೂ ಅಲ್ಲ, ಆದರೂ ಸರಸ್ವತಿ ಬೇರೆ ಗತಿಯಿಲ್ಲದವಳಂತೆ ತನ್ನನ್ನು ಆಶ್ರಯಿಸಿದಳು; ಮೈಯಲ್ಲಿ ಕೃಶ, ಗುಣಗಳಲ್ಲಿ ಕೃಶನಲ್ಲ. ಇಂಥ ತಿಳಿಹಾಸ್ಯ ಶಾಸ್ತ್ರಗ್ರಂಥಗಳ ಅಂತ್ಯದಲ್ಲಿ ಅಪರೂಪ.

ಗುರುವಿನ ಋಣ ತೀರಿಸಿದ ಜಿನಸೇನನಿಗೆ ತನ್ನದೇ ಆದ ಗುರಿಯೊಂದಿತ್ತು. ಅರವತ್ತಮೂರು ಶಲಾಕಾಪುರುಷರ ಚರಿತೆಗಳನ್ನೂ ಒಳಗೊಂಡ ಮಹಾಪುರಾಣ ಅದು. ಮೇಘದೂತದ ಪಾದಗಳನ್ನೆಲ್ಲ ಹೆಣೆದು ಪಾರ್ಶ್ವಾಭ್ಯುದಯವನ್ನು ಕಟ್ಟಿದ ಕವಿಗೆ ಸಂಕ್ಷೇಪ ಒಗ್ಗುವ ಮಾತಲ್ಲ. ಪ್ರಥಮ ತೀರ್ಥಂಕರನಾದ ಆದಿನಾಥನ ಭವಾವಳಿ, ಭರತ-ಬಾಹುಬಲಿಗಳ ಕಥೆ, ವರ್ಣನೆ, ಧರ್ಮಬೋಧೆ ಇವುಗಳಲ್ಲಿಯೇ ನಲವತ್ತೆರಡು ಪರ್ವಗಳು ಕಳೆದವು. ನಲವತ್ತಮೂರನೆಯ ಪರ್ವದ ಮೂರು ಪದ್ಯಗಳಾಗುತ್ತಲೇ ಲೇಖನಿ ನಿಂತಿತು. ಪರ್ವದ ಕೊನೆಯಲ್ಲಿ ಅಲ್ಲ, ಮೂರನೆಯ ಪದ್ಯದ ಕೊನೆಯಲ್ಲಿ ನಿಂತಿತೆಂಬುದನ್ನು ಗಮನಿಸಬೇಕು.

ಅಲ್ಲಿಂದ ಮುಂದೆ ಶಿಷ್ಯ ಗುಣಭದ್ರನ ಕೈ. ಆದಿಪುರಾಣವನ್ನು ನಲವತ್ತೇಳು ಪರ್ವಗಳಿಗೆ ಮುಗಿಸಿ, ಉಳಿದ ಅರವತ್ತೊಂದು ಮಹಾಪುರುಷರ ಚರಿತೆಗಳನ್ನು ಉತ್ತರಪುರಾಣದ ಇಪ್ಪತ್ತೊಂಬತ್ತು ಪರ್ವಗಳಲ್ಲಿ ಅಡಗಿಸಿದನು. ಕಬ್ಬಿನ ಮೊದಲರ್ಧದಲ್ಲಿ ರಸವಿರುತ್ತದೆ, ತುದಿ ಹೇಗಾದರೂ ಆಗಲಿ ಎಂಬ ಅರ್ಥದ ಅವನ ಮಾತು ಪ್ರಸಿದ್ಧವಾಗಿದೆ. ವಿಸ್ತಾರಕ್ಕೆ ಅಂಜಿ, ಕಾಲ ಕ್ಷೀಣಿಸುತ್ತಿರುವುದಕ್ಕೆ ಅನುಗುಣವಾಗಿ ಶೇಷವನ್ನು ಸಂಗ್ರಹಿಸಿದನೆಂದು ಪ್ರಶಸ್ತಿ ತಿಳಿಸುತ್ತದೆ. ಇದನ್ನು ಪ್ರತಿಭೆಯ ಕೊರತೆಯೆಂದು ಭಾವಿಸುವ ವಿಮರ್ಶಕರೊಡನೆ ನನಗೆ ಸಹಮತವಿಲ್ಲ. ಗುರು ಕೈಗೊಂಡ ಕಾರ್ಯದ ಅಳತೆಯನ್ನೂ ತನ್ನ ಆಯುಸ್ಸಿನ ಅಳತೆಯನ್ನೂ ಒಟ್ಟಿಗೆ ಇಟ್ಟು ತೂಗಿದವನು ಗುಣಭದ್ರ. ಜಿನಸೇನನ ಹದದಲ್ಲಿಯೇ ಅವನೂ ಬರೆದಿದ್ದರೆ ಅಜಿತನಾಥನ ಕಥೆಯ ನಡುವೆ ಇನ್ನೊಬ್ಬ ಶಿಷ್ಯನನ್ನು ಹುಡುಕಬೇಕಾಗುತ್ತಿತ್ತು. ಕ್ರಿ.ಶ. 898ರಲ್ಲಿ, ಎರಡನೆಯ ಕೃಷ್ಣನ ಸಾಮಂತ ಲೋಕಾದಿತ್ಯನು ಬಂಕಾಪುರದಲ್ಲಿದ್ದಾಗ ಈ ಪುರಾಣಕ್ಕೆ ಪೂಜೆ ಸಂದಿತು. ಪ್ರಶಸ್ತಿಯಲ್ಲಿ ಕಾಣಿಸಿಕೊಳ್ಳುವ ಲೋಕಸೇನನು ಗುಣಭದ್ರನ ಶಿಷ್ಯ. ಅಲ್ಲಿಗೆ ನಾಲ್ಕು ತಲೆಮಾರು.

ಬಾಣನ ಕಾದಂಬರಿಯನ್ನು ಮಗ ಭೂಷಣನು ಪೂರೈಸಿದ ಸಂಗತಿ ಇದಕ್ಕೆ ಸಮೀಪದ್ದು. ಕಥೆ ನಿಂತುಹೋದುದರಿಂದ ಸಜ್ಜನರಿಗಾದ ದುಃಖವನ್ನು ನೋಡಿ ಆರಂಭಿಸಿದೆನೇ ಹೊರತು ಕವಿತ್ವದ ದರ್ಪದಿಂದಲ್ಲವೆಂದು ಅವನೂ ಹೇಳಿದ್ದಾನೆ. ನಮ್ಮ ನಾಗವರ್ಮನು ತಂದೆ-ಮಗ ಇಬ್ಬರ ಭಾಗಗಳನ್ನೂ ಕನ್ನಡಕ್ಕೆ ತಂದನು. ಆದರೆ ಮಗನ ಹಕ್ಕು ರಕ್ತದಿಂದ ಬಂದುದು. ಶಿಷ್ಯನ ಹಕ್ಕು ವಿದ್ಯೆಯಿಂದ ಬಂದುದು. ಮುನಿಯ ತೊಡಕಿಗೆ ಪರಿಹಾರ ದೊರೆತುದು ಈ ಎರಡನೆಯ ಬಗೆಯಲ್ಲಿ. ಗುರಿಯನ್ನು ಬಿಡದೆ, ಗುರಿಯ ಒಡೆತನವನ್ನು ಮಾತ್ರ ಬಿಡುವುದು ಸಾಧ್ಯವಾಯಿತು. ಕೃತಿ ಪರಂಪರೆಯದೆಂದಾದ ಮೇಲೆ ಅದಕ್ಕಾಗಿ ಇನ್ನೊಂದು ವರ್ಷ ಬದುಕಬೇಕೆಂಬ ಆಸೆಗೆ ಎಡೆಯಿಲ್ಲ.

ಗುಣಭದ್ರನು ಸಂಗ್ರಹಿಸಿ ಬಿಟ್ಟ ಎಡೆಗಳನ್ನು ತುಂಬಿದವರು ಕನ್ನಡದ ಕವಿಗಳು. ಚಾವುಂಡರಾಯನು 978ರಲ್ಲಿ ಅರವತ್ತಮೂವರನ್ನೂ ಗದ್ಯದಲ್ಲಿ ಹೇಳಿದನು. ಉಳಿದವರು ಒಬ್ಬೊಬ್ಬ ತೀರ್ಥಂಕರನನ್ನು ಹಂಚಿಕೊಂಡಂತೆ ಕಾಣುತ್ತದೆ: ಪಂಪನಿಗೆ ಆದಿನಾಥ, ಪೊನ್ನನಿಗೆ ಶಾಂತಿನಾಥ, ರನ್ನನಿಗೆ ಅಜಿತನಾಥ, ನಾಗಚಂದ್ರನಿಗೆ ಮಲ್ಲಿನಾಥ, ಜನ್ನನಿಗೆ ಅನಂತನಾಥ. ಜಿನಸೇನನು ಒಬ್ಬನೇ ಹೊರಲು ಹೊರಟ ಭಾರವನ್ನು ಮೂರು ಶತಮಾನಗಳು ಪಾಲುಮಾಡಿಕೊಂಡವು. ಎಲ್ಲ ಕೃತಿಗಳಿಗೂ ಈ ಭಾಗ್ಯವಿರಲಿಲ್ಲ. ನೇಮಿಚಂದ್ರನ ನೇಮಿನಾಥಪುರಾಣ ನಡುವೆಯೇ ನಿಂತು 'ಅರ್ಧನೇಮಿ'ಯೆಂಬ ಹೆಸರನ್ನೇ ಪಡೆಯಿತು.

ಆಧುನಿಕ ಕಾಲದಲ್ಲಿ ಈ ಬಗೆಯ ಕೈಬದಲಾವಣೆಯನ್ನು ಕೋಶರಚನೆಯಲ್ಲಿ ಕಾಣುತ್ತೇವೆ. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಅವರ ನಿಘಂಟು 1894ರಲ್ಲಿ ಹೊರಬಂದಿತು. ಅದನ್ನು ಪರಿಷ್ಕರಿಸಿ, ವಿಸ್ತರಿಸಿ ನಾಲ್ಕು ಸಂಪುಟಗಳಲ್ಲಿ ತಂದವರು ಮರಿಯಪ್ಪ ಭಟ್ಟರು. ಪ್ರಕಟಿಸಿದ್ದು ಮದರಾಸು ವಿಶ್ವವಿದ್ಯಾಲಯ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ದುಡಿದ ಡಿ. ಎಲ್. ನರಸಿಂಹಾಚಾರ್ಯರು 1971ರಲ್ಲಿ ತೀರಿಕೊಂಡರು. ಎಂಟನೆಯ ಸಂಪುಟ ಬಂದುದು 1995ರಲ್ಲಿ.

ಹೊರನಾಡಿನ ಕನ್ನಡ ವಿಭಾಗಗಳಲ್ಲಿರುವ ನಾವು ಈ ಚರಿತ್ರೆಯನ್ನು ಕೇವಲ ಪರೀಕ್ಷೆಗಾಗಿ ಓದುವಂತಿಲ್ಲ. ಇಲ್ಲಿ ಅಧ್ಯಾಪಕರು ಒಬ್ಬಿಬ್ಬರೇ ಇರುವುದು ಸಾಮಾನ್ಯ. ಒಬ್ಬರು ನಿವೃತ್ತರಾದರೆ ಅವರ ಪಾಠಾಂತರದ ಚೀಟಿಗಳು, ಅರೆಮುಗಿದ ಸೂಚಿಗಳು ಕಪಾಟು ಸೇರುತ್ತವೆ. ಹೊಸಬರಿಗೆ ಹೊಸ ವಿಷಯವೇ ಬೇಕು. ಇನ್ನೊಬ್ಬರು ಬಿಟ್ಟುದನ್ನು ಮುಗಿಸುವುದಕ್ಕೆ ಪದವಿ ಬರುವುದಿಲ್ಲವೆಂಬ ಭಾವನೆ ಬಲವಾಗಿದೆ. ಧವಲಾ ಟೀಕೆ ಉಳಿದುಬಂದುದೇ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಹೀರಾಲಾಲ ಜೈನರು 1939ರಲ್ಲಿ ಅಮರಾವತಿಯಿಂದ ಅದರ ಮುದ್ರಣಕ್ಕೆ ತೊಡಗಿದಾಗ ನೆರವಾದವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗದವರೂ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕರೂ ಆದ ಆ. ನೇ. ಉಪಾಧ್ಯೆ ಒಬ್ಬರು. ಹದಿನಾರು ಸಂಪುಟಗಳಿಗೆ ಸುಮಾರು ಎರಡು ದಶಕಗಳು ಹಿಡಿದವು. ವೀರಸೇನನ ಗ್ರಂಥಕ್ಕೆ ಹನ್ನೊಂದು ಶತಮಾನಗಳ ಮೇಲೆ ದೊರೆತ ಈ ಶಿಷ್ಯರು ಅದರ ಒಂದೊಂದು ಸಂಪುಟವನ್ನೂ ತಮ್ಮ ಸ್ವಂತ ಸಂಶೋಧನೆಯ ನಡುವೆಯೇ ಬಿಡುವು ಮಾಡಿಕೊಂಡು ಹೊರತಂದರು.