ಅಮೈನೋ ಆಸಿಡ್ ಹೊಡೆದ್ರೆ ಯೂರಿಯಾ ಬೇಡ್ವಾ?

ಮೆಕ್ಕೆಜೋಳ ಹಳದಿಯಾಯ್ತು ಅಂತ ದಾವಣಗೆರೆಯ ಗೊಬ್ಬರದಂಗಡಿಗೆ ಹೋದ್ರೆ ಅಮೈನೋ ಆಸಿಡ್ ಬಾಟಲಿ ಕೈಗೆ ಬರಬಹುದು. "ಇದೊಂದು ಹೊಡೀರಿ, ಯೂರಿಯಾ ಬೇಡ" ಅಂದ್ರೆ ದುಡ್ಡು ಕೊಡೋ ಮೊದ್ಲು ಲೆಕ್ಕ ಹಾಕಿ.

ಅಮೈನೋ ಆಮ್ಲಗಳು ಪ್ರೋಟೀನ್ ಕಟ್ಟೋ ಇಟ್ಟಿಗೆಗಳು, ಮುಖ್ಯವಾಗಿ 20 ಬಗೆ. ಪ್ರೋಟೀನಿನಲ್ಲಿ ಸಾರಜನಕ ಸುಮಾರು ಶೇ. 16. ಅಂದ್ರೆ ಲೀಟರಿಗೆ 200 ಗ್ರಾಂ ಅಮೈನೋ ಆಮ್ಲ ಇರೋ ಬಾಟಲಿಯಲ್ಲಿ ಸಾರಜನಕ 30 ಗ್ರಾಂ ಆಸುಪಾಸು. 45 ಕೆಜಿ ಯೂರಿಯಾ ಚೀಲದಲ್ಲಿ 20 ಕೆಜಿಗೂ ಹೆಚ್ಚು! ನಾನು ಯೂರಿಯಾ ಹಾಕಲ್ಲ, ನಿಜ. ಆದ್ರೆ ಆ ಸಾರಜನಕ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಹಸಿರೆಲೆಯಿಂದ ಬರಲೇಬೇಕು. ಬಾಟಲಿ ಉಪ್ಪಿನಕಾಯಿ ಇದ್ದಂಗೆ, ಊಟ ಅಲ್ಲ.

ಹಾಗಾದ್ರೆ ಅದರ ಕೆಲಸ ಏನು? ಅಮೈನೋ ಆಮ್ಲದ ಒಂದು ಕಡೆ ಅಮೈನೋ ಗುಂಪು, ಇನ್ನೊಂದು ಕಡೆ ಆಮ್ಲದ ಗುಂಪು. ಎರಡೂ ಸೇರಿ ಜಿಂಕನ್ನು ಇಕ್ಕಳದಂತೆ ಹಿಡಿಯುತ್ತವೆ. ಹರಿಹರದ ಕಡೆಯ ಭತ್ತದ ರೈತರು ಇದನ್ನ ಗಮನಿಸಿ: ನೀರು ನಿಂತ ಗದ್ದೆಯಲ್ಲಿ ಬೇರಿಗೆ ಜಿಂಕ್ ಸಿಗೋದು ಕಷ್ಟ, ಎಲೆ ಮೇಲೆ ಹೀಗೆ ಕೊಟ್ಟರೆ ಅನುಕೂಲ. ಮಳೆ ಕೈಕೊಟ್ಟಾಗ ಗಿಡ ತಾನೇ ಪ್ರೋಲಿನ್ ಅನ್ನೋ ಅಮೈನೋ ಆಮ್ಲ ಕೂಡಿಟ್ಟು ಜೀವಕೋಶದ ನೀರು ಕಾಪಾಡಿಕೊಳ್ಳುತ್ತೆ. ಟ್ರಿಪ್ಟೊಫಾನ್‌ನಿಂದ ಬೇರು ಬೆಳೆಸೋ ಆಕ್ಸಿನ್ ತಯಾರಾಗುತ್ತೆ.

ಮನೆಯಲ್ಲೇ ಮಾಡೋದಾದ್ರೆ ಮೀನಿನ ತ್ಯಾಜ್ಯ, ಅಷ್ಟೇ ತೂಕದ ಬೆಲ್ಲ ಡ್ರಮ್ಮಿಗೆ ಹಾಕಿ ಮೂರು–ನಾಲ್ಕು ವಾರ ನೆರಳಲ್ಲಿಡಿ. ಮುಚ್ಚಳ ಬಿಗಿಯಬೇಡಿ, ಗ್ಯಾಸ್ ಹೋಗ್ಬೇಕು. ಸೋಸಿ, ಲೀಟರ್ ನೀರಿಗೆ 3 ಎಂಎಲ್, ಸಂಜೆ ಹೊತ್ತು ಸಿಂಪಡಿಸಿ.

ಕೊಳ್ಳೋದಾದ್ರೆ ಲೇಬಲ್ಲಿನಲ್ಲಿ ಅಮೈನೋ ಆಮ್ಲ ಶೇಕಡಾ ಎಷ್ಟು ಅಂತ ಓದಿ. 2021ರಿಂದ ಇವು ಜೈವಿಕ ಉತ್ತೇಜಕಗಳಾಗಿ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ಬಂದಿವೆ. ಬಿಲ್ ಕೇಳಿ ಇಸ್ಕೊಳ್ಳಿ.